ಬಿಡುವಿನ ಬಾಡಿಗೆ

ಕಳೆದ ವರ್ಷ ಶ್ರಾವಣದ ಒಂದು ಸಂಜೆ ಸಾಗರದಿಂದ ಗೆಳತಿಯ ಫೋನ್ ಬಂತು. 'ಒಂದು ಅರ್ಜಿ ವಾಟ್ಸಾಪ್ ಮಾಡಿದ್ದೇನೆ. ಇಂಗ್ಲಿಷಿಗೆ ಮಾಡಿಕೊಡೇ ಮಾರಾಯ್ತಿ.'

ಅವಳು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಜಲವರ್ಣ ಅವಳ ಕೈಗೆ ಒಲಿದದ್ದು. ಆದರೆ ಮಗಳು ಹುಟ್ಟಿ ಒಂಬತ್ತು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ತನಗಾಗಿ ಬರೆದ ಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದು. ವಾರ್ಷಿಕೋತ್ಸವದ ಪರದೆ, ಶಾಲೆಯ ಗೋಡೆಯ ಮೇಲಿನ ಬಳ್ಳಿ, ಸ್ಪರ್ಧೆಗೆ ಹೋಗುವ ಮಕ್ಕಳ ಚಿತ್ರಗಳನ್ನು ತಿದ್ದುವುದು ಎಂದು ಕೈಗೆ ಕೆಲಸವೇನೋ ತಪ್ಪಿರಲಿಲ್ಲ. ನಾನಿರುವ ಚೆನ್ನೈನಿಂದ ಮಹಾಬಲಿಪುರದ ಕಡೆ ಹೋಗುವ ದಾರಿಯಲ್ಲಿ, ಕಡಲ ಹತ್ತಿರದ ಒಂದು ಮನೆಯವರು ಚಿತ್ರಕಾರರಿಗೂ ಶಿಲ್ಪಿಗಳಿಗೂ ಎರಡು ವಾರ ಕೋಣೆ ಕೊಡುತ್ತಾರೆಂದು ಅವಳಿಗೆ ಯಾರೋ ಹೇಳಿದ್ದರು.

ಪ್ರಕಟಣೆಯಲ್ಲಿ ಅದನ್ನು 'ಸೆಲ್ಫ್ ಡೈರೆಕ್ಟೆಡ್ ರೆಸಿಡೆನ್ಸಿ' ಎಂದು ಕರೆದಿದ್ದರು. 'ಹಾಗಂದ್ರೆ ಏನು?' ಎಂದು ಕೇಳಿದಳು. ಭಾಷಾವಿಜ್ಞಾನ ಓದಿ, ಪದಕ್ಕಿಷ್ಟು ಎಂದು ಅನುವಾದ ಮಾಡಿ ಬದುಕುವವಳು ನಾನು. ಉತ್ತರ ಕೊಡದಿದ್ದರೆ ಹೇಗೆ? 'ಸ್ವನಿರ್ದೇಶಿತ ನಿವಾಸ' ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗೃಹಬಂಧನದ ಆರ್ಡರ್ ಇದ್ದ ಹಾಗಿದೆ' ಅಂದಳು.

ಅಲ್ಲಿನ ನಿಯಮಗಳು ಬಹಳ ಕಡಿಮೆ. ಯಾರೂ ಪಾಠ ಮಾಡುವುದಿಲ್ಲ. ವಿಷಯ ಕೊಡುವುದಿಲ್ಲ. ಕೊನೆಗೆ ಪ್ರದರ್ಶನ ಮಾಡಲೇಬೇಕೆಂದಿಲ್ಲ. ಎದ್ದಾಗ ಬೆಳಗು, ಕೂತಾಗ ಕೆಲಸ. ಆದರೂ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಈ ಎರಡು ವಾರಗಳಲ್ಲಿ ಏನು ಮಾಡಬೇಕೆಂದಿದ್ದೀರಿ, ಮುನ್ನೂರು ಪದಗಳಲ್ಲಿ ತಿಳಿಸಿ. 'ಏನು ಮಾಡಬೇಕೆಂದು ಗೊತ್ತಾಗೋದಕ್ಕೇ ಹೋಗ್ತಿದ್ದೇನೆ ಅಂತ ಬರೀಲಾ?' ಎಂದು ಕೇಳಿದಳು. ಅದನ್ನೇ ಮುನ್ನೂರು ಪದಗಳಿಗೆ ಎಳೆದು ಬರೆದೆವು.

ಇನ್ನೊಂದು ಸಾಲು ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಕೋಣೆಗೆ ವಾರಕ್ಕಿಷ್ಟು ಎಂದು ಕಲಾವಿದರೇ ಹಣ ಕಟ್ಟಬೇಕು. ಅವಳು ಲೆಕ್ಕ ಹಾಕಿದಳು. ಕೋಣೆಯ ಹಣ, ರೈಲಿನ ಹಣ, ಸಂಬಳವಿಲ್ಲದ ಹದಿನೈದು ದಿನದ ರಜೆ, ಮಗಳನ್ನು ನೋಡಿಕೊಳ್ಳಲು ಅತ್ತೆ. ಕೊನೆಯದಕ್ಕೆ ದರ ಹಚ್ಚುವುದು ಹೇಗೆಂದು ಇಬ್ಬರಿಗೂ ತೋಚಲಿಲ್ಲ.

ಈ ಪ್ರಬಂಧ ಹುಟ್ಟಿದ್ದು ಆ ಲೆಕ್ಕದಿಂದ. ಕಲಾವಿದರಿಗೆ ಕೋಣೆ ಕೊಟ್ಟ ಕಥೆಗಳನ್ನು ನಾವು ಓದುತ್ತೇವೆ. ಆ ಕೋಣೆಯ ಖರ್ಚನ್ನು ಹೊತ್ತವರು ಯಾರು, ಬದಲಿಗೆ ಏನು ಕೇಳಿದರು ಎಂದು ನೋಡುತ್ತಾ ಹೋದರೆ ಅದೇ ಒಂದು ಚರಿತ್ರೆಯಾಗುತ್ತದೆ.

*

ಮೊದಲು ಪದದ ಸಮಸ್ಯೆ ಬಗೆಹರಿಸಿಕೊಳ್ಳೋಣ. 'ರೆಸಿಡೆನ್ಸಿ' ಎಂದರೆ ನಮ್ಮ ಕಿವಿಗೆ ಮೊದಲು ಕೇಳಿಸುವುದು ಬ್ರಿಟಿಷ್ ರೆಸಿಡೆಂಟನ ಬಂಗಲೆ. ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆ ಇದೆ. ಹೈದರಾಬಾದಿನ ಓದುಗರಿಗೆ ಕೋಠಿಯ ರೆಸಿಡೆನ್ಸಿ ಗೊತ್ತು. ಬೇರೆಯವರ ರಾಜ್ಯದಲ್ಲಿ ಕೂತು ಆಳುವವನ ಮನೆ ಅದು. ಕಲಾವಿದರಿಗೆ ಹೊಂದುವ ಪದವಲ್ಲ.

ನಮ್ಮಲ್ಲೇ ಒಂದು ಪದವಿದೆ: ಬಿಡಾರ. ಇದು 'ಬಿಡು' ಧಾತುವಿನಿಂದ ಬಂದದ್ದು. ಎತ್ತಿನ ಕೊರಳು ಬಿಡಿಸಿ, ಹೊರೆ ಇಳಿಸಿ, ಇಳಿದುಕೊಂಡ ಜಾಗ ಬಿಡಾರ. ಅದೇ ಧಾತುವಿನಿಂದ ಬೀಡು. ಶಾಸನಗಳಲ್ಲಿ ಅರಸರು ತಂಗುತ್ತಿದ್ದ ನೆಲೆವೀಡು. ಮದುವೆಯಲ್ಲಿ ಬೀಗರಿಗೆ ಕೊಡುವ ಬಿಡದಿಯೂ ಅದೇ ಕುಟುಂಬದ್ದು. ತೆಲುಗಿನವರು ಅದನ್ನೇ ವಿಡಿದಿ ಅನ್ನುತ್ತಾರೆ. ಚೆನ್ನೈ ಬೀದಿಗಳಲ್ಲಿ ಲಾಡ್ಜುಗಳ ಮೇಲೆ 'ತಂಗುಂ ವಿಡುದಿ' ಎಂಬ ಬೋರ್ಡು ದಿನವೂ ಕಣ್ಣಿಗೆ ಬೀಳುತ್ತದೆ. ತಮಿಳಿನಲ್ಲಿ ಮನೆಗೆ 'ವೀಡು'. ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಎಣಿಸುವಾಗ ಮೋಕ್ಷಕ್ಕೂ ಅದೇ 'ವೀಡು'.

ಅದೇ ಬೇರಿನಿಂದ ಕನ್ನಡಕ್ಕೆ ಇನ್ನೊಂದು ಪದ ಬಂದಿದೆ: ಬಿಡುವು. ಬಿಡಾರ ಜಾಗದ ಪದ, ಬಿಡುವು ಕಾಲದ ಪದ. ಕಲಾವಿದರಿಗೆ ಬೇಕಾದದ್ದು ಎರಡೂ. ಕೋಣೆ ಕೊಟ್ಟವರೆಲ್ಲ ಬಿಡುವು ಕೊಟ್ಟರೇ ಎಂದು ಕೇಳಿದರೆ, ಚರಿತ್ರೆ ಬಹುಮಟ್ಟಿಗೆ 'ಇಲ್ಲ' ಎನ್ನುತ್ತದೆ.

*

ಯುರೋಪಿನಲ್ಲಿ ಈ ಕಥೆಯನ್ನು ಸಾಮಾನ್ಯವಾಗಿ ರೋಮಿನಿಂದ ಶುರುಮಾಡುತ್ತಾರೆ. 1666ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಅಲ್ಲಿ ಫ್ರೆಂಚ್ ಅಕಾಡೆಮಿಯನ್ನು ಸ್ಥಾಪಿಸಿದ. ಆರು ಚಿತ್ರಕಾರರು, ನಾಲ್ವರು ಶಿಲ್ಪಿಗಳು, ಇಬ್ಬರು ವಾಸ್ತುಶಿಲ್ಪಿಗಳು ಎಂದು ಹನ್ನೆರಡು ಯುವಕರಿಗೆ ಊಟ, ವಸತಿ, ಕೆಲಸದ ಜಾಗ ಎಲ್ಲವನ್ನೂ ದೊರೆಯೇ ಕೊಟ್ಟ. ಕೆಲಸವೂ ದೊರೆಯದೇ ಆಗಿತ್ತು. ಪ್ರಾಚೀನ ಶಿಲ್ಪಗಳ, ಹಳೆಯ ಗುರುಗಳ ಚಿತ್ರಗಳ ಪ್ರತಿ ತೆಗೆದು ಫ್ರಾನ್ಸಿಗೆ ಕಳಿಸಬೇಕು. ಬೇರೆ ಯಾರಿಗೂ ಕೆಲಸ ಮಾಡಿಕೊಡುವಂತಿಲ್ಲ. ನೆಪೋಲಿಯನ್ ಕಾಲದಲ್ಲಿ, 1803ರಲ್ಲಿ, ಸಂಸ್ಥೆ ಗುಡ್ಡದ ಮೇಲಿನ ವಿಲ್ಲಾ ಮೆದಿಚಿಗೆ ಹೋಯಿತು. ದೊರೆ ಹೋದರೂ, ಕೆಲಸದ ಮಾದರಿಗಳನ್ನು ಪ್ಯಾರಿಸಿಗೆ ಕಳಿಸುವ ನಿಯಮ ಉಳಿಯಿತು.

ಚಿತ್ರಕಾರ ಆಂಗ್ರನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ರೋಮಿಗೆ ಹೋಗುವ ಬಹುಮಾನ ಅವನಿಗೆ ಸಿಕ್ಕಿದ್ದು 1801ರಲ್ಲಿ. ಬೊಕ್ಕಸದಲ್ಲಿ ಹಣವಿಲ್ಲದೆ ಹೊರಟದ್ದು 1806ರಲ್ಲಿ. ಅಲ್ಲಿಂದ ಅವನು ಕಳಿಸಿದ ಚಿತ್ರಗಳನ್ನು ಪ್ಯಾರಿಸಿನ ಪಂಡಿತರು ಮೆಚ್ಚಲಿಲ್ಲ. ಅವಧಿ ಮುಗಿದರೂ ಅವನು ಊರಿಗೆ ಮರಳದೆ ಇಟಲಿಯಲ್ಲೇ 1824ರವರೆಗೆ ಉಳಿದ. 1835ರಲ್ಲಿ ಅದೇ ವಿಲ್ಲಾ ಮೆದಿಚಿಗೆ ನಿರ್ದೇಶಕನಾಗಿ ಹೋದ. ಹೆಣ್ಣುಮಕ್ಕಳಿಗೆ ಆ ಸ್ಪರ್ಧೆಯ ಬಾಗಿಲು ತೆರೆಯಲು ಮಾತ್ರ 1903 ಬರಬೇಕಾಯಿತು. 1911ರಲ್ಲಿ ಶಿಲ್ಪಿ ಲ್ಯೂಸಿಯೆನ್ ಹವೆಲ್‌ಮಾನ್ಸ್ ಮೊದಲ ಬಹುಮಾನ ಪಡೆದಳು. ಅರಮನೆ ಕೊಟ್ಟ ಬಿಡಾರದಲ್ಲಿ ಎಲ್ಲವೂ ಇತ್ತು, ಬಿಡುವೊಂದನ್ನು ಬಿಟ್ಟು.

ಅರಮನೆಯ ಆಶ್ರಯದ ಇನ್ನೊಂದು ಅಪಾಯ ನಮ್ಮವರಿಗೂ ಗೊತ್ತು. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತದ್ದು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ. ಊಟಿಯ ಬೆಟ್ಟ, ಕೆರೆ, ಮಂಜನ್ನು ಅವರು ಬರೆದ ಜಲವರ್ಣಗಳನ್ನು ನೋಡಿದವರಿಗೆ ಗೊತ್ತು, ಅವು ಗಡಿಯಾರ ನೋಡಿ ಬರೆಯುವಂಥ ಚಿತ್ರಗಳಲ್ಲ. ಅಷ್ಟು ತಾಳ್ಮೆಗೆ ಜಾಗವಿದ್ದದ್ದು ಒಬ್ಬ ಮಹಾರಾಜರ ಮನಸ್ಸಿನಲ್ಲಿ. 1940ರಲ್ಲಿ ಮಹಾರಾಜರು ತೀರಿಕೊಂಡ ಮೇಲೆ ವೆಂಕಟಪ್ಪ ಮೈಸೂರು ಬಿಟ್ಟು ಬೆಂಗಳೂರಿಗೆ ಬಂದುಬಿಟ್ಟರು. ಬಿಡಾರ ಒಬ್ಬರ ಕೃಪೆಯಾದಾಗ ಅದರ ಆಯುಷ್ಯವೂ ಅವರ ಆಯುಷ್ಯದಷ್ಟೇ.

*

ಇಂದು ನಾವು ಕಾಣುವ, ಏನನ್ನೂ ಕೇಳದ ಬಿಡಾರದ ಮಾದರಿಗೆ ಬಹಳ ಮಟ್ಟಿಗೆ ಕಾರಣಳಾದವಳು ಒಬ್ಬ ಪಿಯಾನೋ ವಾದಕಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೋ ಎಂಬ ಊರಿನಲ್ಲಿ ಮೇರಿಯನ್ ಮ್ಯಾಕ್‌ಡೊವೆಲ್ 1896ರಲ್ಲಿ ಒಂದು ತೋಟ ಕೊಂಡಳು. ಅವಳ ಗಂಡ ಎಡ್ವರ್ಡ್ ಸಂಗೀತ ರಚನಕಾರ. ಅವನಿಗಾಗಿ ಕಾಡಿನ ನಡುವೆ ಮರದ ದಿಮ್ಮಿಗಳ ಪುಟ್ಟ ಮನೆ ಕಟ್ಟಿಸಿದಳು. ಮಧ್ಯಾಹ್ನ ಊಟದ ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು, ಬಾಗಿಲು ಬಡಿಯದೆ ಹಿಂದಿರುಗುತ್ತಿದ್ದಳು.

ಎಡ್ವರ್ಡನ ಆರೋಗ್ಯ ಕೆಟ್ಟಾಗ ಆ ಜಾಗ ಬೇರೆ ಕಲಾವಿದರಿಗೂ ಸಿಗಲಿ ಎಂಬ ಆಸೆ ಇಬ್ಬರಲ್ಲೂ ಇತ್ತು. 1907ರಲ್ಲಿ ಮೊದಲು ಬಂದವರು ಶಿಲ್ಪಿ ಹೆಲೆನ್ ಮಿಯರ್ಸ್ ಮತ್ತು ಅವಳ ಸೋದರಿ, ಲೇಖಕಿ ಮೇರಿ. ಮುಂದಿನ ವರ್ಷ ಎಡ್ವರ್ಡ್ ತೀರಿಕೊಂಡ. ಆಮೇಲೆ ದಶಕಗಳ ಕಾಲ ಮೇರಿಯನ್ ಊರೂರು ಸುತ್ತಿ, ಗಂಡನ ರಚನೆಗಳನ್ನು ಪಿಯಾನೋದಲ್ಲಿ ನುಡಿಸಿ, ಭಾಷಣ ಮಾಡಿ ಹಣ ತಂದಳು. 1956ರಲ್ಲಿ ಅವಳು ಸಾಯುವ ಹೊತ್ತಿಗೆ ಆ ಕಾಡಿನಲ್ಲಿ ಅಂಥ ಹಲವಾರು ಮನೆಗಳಿದ್ದವು. ಮಧ್ಯಾಹ್ನದ ಊಟ ಇಂದಿಗೂ ಬುಟ್ಟಿಯಲ್ಲೇ ಬಾಗಿಲಿಗೆ ಬರುತ್ತದೆ.

ಈ ಬುಟ್ಟಿಯ ಕಥೆಯನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ನನಗೆ ಪ್ರತಿ ಸಲವೂ ಬುಟ್ಟಿ ಹೊತ್ತು ನಡೆದವಳ ನೆನಪಾಗುತ್ತದೆ. ಮೇರಿಯನ್ ತಾನೇ ಸಂಗೀತಗಾರ್ತಿ. ಮದುವೆಯಾದ ಮೇಲೆ ತನ್ನ ಕಛೇರಿಗಳನ್ನು ಬದಿಗಿಟ್ಟವಳು, ಮತ್ತೆ ವೇದಿಕೆ ಹತ್ತಿದ್ದು ಬೇರೆಯವರ ಬಿಡುವಿಗೆ ಹಣ ಹೊಂದಿಸಲು. ಸಾಗರದಲ್ಲಿ ಒಂಬತ್ತು ವರ್ಷದ ಹುಡುಗಿಗೆ ಜಡೆ ಹಾಕಿ ಶಾಲೆಗೆ ಕಳಿಸುವ ಅತ್ತೆಯೂ ಇದೇ ಚರಿತ್ರೆಗೆ ಸೇರಿದವರು.

*

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ನಗರಗಳು ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ಹುಡುಕಿದವು. ಮುಂಬೈಯ ವಾರ್ಡನ್ ರಸ್ತೆಯಲ್ಲಿ ಕಡಲಿಗೆ ಎದುರಾಗಿ ವಕೀಲ ಭೂಲಾಭಾಯಿ ದೇಸಾಯಿಯವರ ಬಂಗಲೆ ಇತ್ತು. 1945ರಲ್ಲಿ ಕೆಂಪು ಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ಪರ ವಾದಿಸಿದವರು ಅವರೇ. ಅವರು ತೀರಿಕೊಂಡ ಮೇಲೆ ಆ ಮನೆ ಅವರ ಹೆಸರಿನ ಸ್ಮಾರಕ ಸಂಸ್ಥೆಯಾಯಿತು. ಐವತ್ತು–ಅರವತ್ತರ ದಶಕಗಳಲ್ಲಿ ಹುಸೇನ್, ಗಾಯತೊಂಡೆ, ನಸ್ರೀನ್ ಮೊಹಮದಿ ಅಲ್ಲಿ ಹೆಸರಿಗಷ್ಟೇ ಎನ್ನುವ ಬಾಡಿಗೆಗೆ ಕೆಲಸದ ಜಾಗ ಪಡೆದಿದ್ದರು. ಅಲ್ಕಾಜಿಯವರ ನಾಟಕ, ರವಿಶಂಕರರ ಸಂಗೀತ ಎರಡೂ ಅದೇ ಆವರಣದಲ್ಲಿ. ಗಾಯತೊಂಡೆ ವರ್ಷಕ್ಕೆ ಕೆಲವೇ ಚಿತ್ರಗಳನ್ನು ಮುಗಿಸುತ್ತಿದ್ದವರು. ಬಾಡಿಗೆ ದುಬಾರಿಯಾಗಿದ್ದರೆ ಅಷ್ಟು ನಿಧಾನವಾಗಿ ಕೆಲಸ ಮಾಡುವುದು ಯಾರಿಗೆ ಸಾಧ್ಯ? ರಸ್ತೆಗೆ ಈಗ ಭೂಲಾಭಾಯಿಯವರ ಹೆಸರಿದೆ, ಆ ಮನೆ ಇಲ್ಲ. ಮುಂಬೈಯಲ್ಲಿ ಕಡಲ ಎದುರಿನ ನೆಲಕ್ಕೆ ಬಿಡುವು ಇರುವುದಿಲ್ಲ.

ಮದರಾಸಿನ ಉತ್ತರ ನನಗೆ ಹೆಚ್ಚು ಹತ್ತಿರದ್ದು. ಗೆಳತಿಯನ್ನು ಸೆಂಟ್ರಲ್ ಸ್ಟೇಷನ್ನಿನಿಂದ ಕರೆದುಕೊಂಡು ಅವಳ ಬಿಡಾರಕ್ಕೆ ಹೋಗುವಾಗ ಇಂಜಂಬಾಕ್ಕಂನಲ್ಲಿ ಗಾಡಿ ನಿಲ್ಲಿಸಿ ಅವಳಿಗೆ ತೋರಿಸಿದ್ದೂ ಅದನ್ನೇ: ಚೋಳಮಂಡಲ ಕಲಾವಿದರ ಗ್ರಾಮ.

ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಒಂದು ವಿಷಯ ನೋಡಿ ನೋಡಿ ಬೇಸತ್ತಿದ್ದರು. ಒಳ್ಳೆಯ ವಿದ್ಯಾರ್ಥಿಗಳು ಕಲಿತು ಹೊರಬಿದ್ದು, ಹೊಟ್ಟೆಪಾಡಿಗೆ ಯಾವುದೋ ನೌಕರಿ ಹಿಡಿದು ಚಿತ್ರ ಬಿಡುತ್ತಿದ್ದರು. ಅವರೂ ಅವರ ಶಿಷ್ಯರೂ ಬಾಟಿಕ್ ಬಟ್ಟೆ, ಲೋಹ, ಚರ್ಮದ ಕೈಕೆಲಸ ಮಾಡಿ ಮಾರಿದರು. ಕೂಡಿದ ಹಣದಿಂದ 1966ರಲ್ಲಿ ಊರಾಚೆಯ ಮರಳು ನೆಲ ಕೊಂಡರು. ದೊರೆ ಇಲ್ಲ, ಸಿರಿವಂತ ಇಲ್ಲ, ಸರ್ಕಾರದ ಮನೆಬಾಗಿಲಿಗೂ ಹೋಗಲಿಲ್ಲ. ಕೈಕೆಲಸ ಚಿತ್ರವನ್ನು ಸಾಕಿತು.

ಅಲ್ಲಿ ನೆಲೆಸಿದವರಲ್ಲಿ ನಮ್ಮ ಎಸ್.ಜಿ. ವಾಸುದೇವ್ ಒಬ್ಬರು. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪಣಿಕ್ಕರ್ ಶಿಷ್ಯರಾಗಿ ಮದರಾಸಿಗೆ ಬಂದವರು. ಅವರ ಬಾಟಿಕ್, ತಾಮ್ರದ ಉಬ್ಬುಕೆಲಸ, ಚಿತ್ರ ಮೂರೂ ಒಂದನ್ನೊಂದು ಸಾಕಿದ್ದು ಆ ಮರಳಿನ ಮೇಲೆ. 1970ರ 'ಸಂಸ್ಕಾರ' ಸಿನಿಮಾಕ್ಕೆ ಕಲಾನಿರ್ದೇಶನ ಅವರದು. ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ, ಆಗ ಮದರಾಸಿನಲ್ಲೇ ಕೆಲಸದಲ್ಲಿದ್ದ ಗಿರೀಶ ಕಾರ್ನಾಡ ಎಲ್ಲರೂ ಅದೇ ಊರಿನ ಗೆಳೆಯರ ಬಳಗ. ಕನ್ನಡದ ಹೊಸ ಅಲೆಯ ಸಿನಿಮಾ ಒಂದಕ್ಕೆ ಮದರಾಸಿನ ಬಿಡುವೂ ಸ್ವಲ್ಪ ಸೇರಿದೆ ಎಂದರೆ ತಪ್ಪಾಗಲಾರದು.

ಚೋಳಮಂಡಲದ ಕಥೆ ಬರೀ ಸುಖದ್ದಲ್ಲ. ಕೆ. ರಾಮಾನುಜಂ ಎಂಬ ಅಪೂರ್ವ ರೇಖಾಕಾರ ಅಲ್ಲಿದ್ದರು. ಕನಸಿನ ನಗರಗಳು, ದೋಣಿಗಳು, ಸರ್ಪಗಳು, ಅವುಗಳ ನಡುವೆ ಟೋಪಿ ಹಾಕಿದ ತಾನು. ಮನಸ್ಸಿನ ಕಾಯಿಲೆ ಅವರನ್ನು ಹಿಂಡುತ್ತಿತ್ತು. ಪಣಿಕ್ಕರರ ಅಕ್ಕರೆ, ಜೊತೆಗಾರರ ನೆರೆ ಎರಡೂ ಇದ್ದವು. ಆದರೂ 1973ರಲ್ಲಿ, ಇನ್ನೂ ಎಳೆ ವಯಸ್ಸಿನಲ್ಲೇ, ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಬಿಡಾರ ಎಲ್ಲವನ್ನೂ ವಾಸಿಮಾಡುವುದಿಲ್ಲ. ಆದರೆ ಆ ಚಿತ್ರಗಳು ಇಂದು ನಮ್ಮ ಕಣ್ಣ ಮುಂದಿರುವುದು ಅವರಿಗೆ ಬರೆಯಲು ಒಂದು ಮೂಲೆ ಸಿಕ್ಕಿತ್ತು ಎಂಬ ಕಾರಣಕ್ಕೆ.

*

ಇವೆಲ್ಲ ವರ್ಷಗಟ್ಟಲೆಯ ನೆಲೆಗಳು. ಗೆಳತಿ ಹೋದಂಥ ಎರಡು ವಾರದ ಬಿಡಾರಕ್ಕೆ ಬೇರೆ ಹಿನ್ನೆಲೆಯಿದೆ.

1976ರಲ್ಲಿ ಚಿತ್ರಕಾರ ವಿವಾನ್ ಸುಂದರಂ ಕಸೌಲಿಯಲ್ಲಿದ್ದ ತಮ್ಮ ಕುಟುಂಬದ ಬೆಟ್ಟದ ಮನೆಯನ್ನು ಕಲಾವಿದರ ಶಿಬಿರಗಳಿಗೆ ತೆರೆದರು. ಗೆಳೆಯರು ಬಂದು ಕೆಲಕಾಲ ಇದ್ದು, ಚಿತ್ರ ಬರೆದು, ಜಗಳವಾಡಿ ಹೋಗುತ್ತಿದ್ದರು. ಭೂಪೇನ್ ಖಖ್ಖರ್, ಗುಲಾಂ ಮೊಹಮ್ಮದ್ ಶೇಖ್, ನಳಿನಿ ಮಲಾನಿ, ಸುಧೀರ್ ಪಟವರ್ಧನ್ ಮುಂತಾದವರ 1981ರ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನದ ಹಿಂದೆ ಆ ಮನೆಯ ಮಾತುಕತೆಗಳಿವೆ. ಅಲ್ಲಿ ಬಿಡುವಿನ ಬಾಡಿಗೆ ಕಟ್ಟಿದ್ದು ಪಿತ್ರಾರ್ಜಿತ ಆಸ್ತಿ.

1982ರಲ್ಲಿ ಶಿಲ್ಪಿ ಆಂಥನಿ ಕ್ಯಾರೊ ಮತ್ತು ಉದ್ಯಮಿ ರಾಬರ್ಟ್ ಲೋಡರ್ ನ್ಯೂಯಾರ್ಕ್ ರಾಜ್ಯದ ಪೈನ್ ಪ್ಲೇನ್ಸ್ ಎಂಬಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರು ದೇಶಗಳ ಕಲಾವಿದರನ್ನು ಎರಡು ವಾರ ಸೇರಿಸಿದರು. ಮೂರು ದೇಶವಾದ್ದರಿಂದ 'ಟ್ರಯಾಂಗಲ್' ಎಂದು ಹೆಸರು. ಗುರುವಿಲ್ಲ, ಪಠ್ಯವಿಲ್ಲ, ಒಟ್ಟಿಗೆ ಇರುವುದು, ಕೆಲಸ ಮಾಡುವುದು, ಅಷ್ಟೇ. ಈ ಮಾದರಿ ದೇಶದಿಂದ ದೇಶಕ್ಕೆ ಹಬ್ಬಿ 1997ರಲ್ಲಿ ದೆಹಲಿಯ ಹತ್ತಿರದ ಮೋದಿನಗರಕ್ಕೆ ಬಂತು. ಅದೇ 'ಖೋಜ್'. ದೆಹಲಿಯ ಓದುಗರು ಖಿಡ್ಕಿಯಲ್ಲಿ ಅದರ ಈಗಿನ ಮನೆಯನ್ನು ನೋಡಿರಬಹುದು.

ಮೋದಿನಗರದ ಆ ಮೊದಲ ಶಿಬಿರಕ್ಕೆ ಬಿಹಾರದ ಖಗೌಲ್ ಊರಿನ ಸುಬೋಧ್ ಗುಪ್ತಾ ಹೋಗಿದ್ದರು. ಅಲ್ಲಿಯವರೆಗೆ ಅವರು ಹೆಚ್ಚಾಗಿ ಕ್ಯಾನ್ವಾಸಿನ ಮೇಲೆ ಬರೆಯುತ್ತಿದ್ದವರು. ಅಲ್ಲಿ ಅವರು ಬೆರಣಿಗಳನ್ನು ಒಂದರ ಮೇಲೊಂದು ಜೋಡಿಸಿ, ಮನುಷ್ಯ ಒಳಗೆ ಹೋಗಿ ನಿಲ್ಲಬಹುದಾದ ದುಂಡನೆಯ ಗುಡಿಸಲು ಕಟ್ಟಿ, 'ನನ್ನ ತಾಯಿ ಮತ್ತು ನಾನು' ಎಂಬರ್ಥದ ಹೆಸರಿಟ್ಟರು. ಯಾವ ಅರ್ಜಿಯ ಮುನ್ನೂರು ಪದಗಳಲ್ಲಿ ಆ ಬೆರಣಿಗಳನ್ನು ಮುಂಚೆಯೇ ಬರೆದು ಕೊಡಬಹುದಿತ್ತು?

ಎರಡು ವಾರದ ಮಾದರಿ ಅಗ್ಗದ್ದು, ಎಲ್ಲಿ ಬೇಕಾದರೂ ನಡೆಸಬಹುದಾದದ್ದು. ನೌಕರಿ ಇದ್ದವರಿಗೂ ರಜೆ ಹಾಕಿ ಬರುವಷ್ಟು ಸಣ್ಣದು. ಅದಕ್ಕೇ ಇಷ್ಟು ಹಬ್ಬಿತು. ಹಬ್ಬುತ್ತಾ ಹಬ್ಬುತ್ತಾ ಅದರ ಒಂದು ಕವಲು ಗೆಳತಿಯ ಅರ್ಜಿಯ ಸಣ್ಣ ಅಕ್ಷರಗಳವರೆಗೆ ಬಂದಿದೆ. ರೋಮಿನಲ್ಲಿ ಖರ್ಚು ದೊರೆಯದು, ಪೀಟರ್‌ಬರೋದಲ್ಲಿ ಹೆಂಡತಿಯದು, ಇಂಜಂಬಾಕ್ಕಂನಲ್ಲಿ ಎಲ್ಲರ ಕೈಕೆಲಸದ್ದು. ಈಗ 'ಸ್ವನಿರ್ದೇಶಿತ' ಎಂಬಲ್ಲಿ 'ಸ್ವ' ಎಂದರೆ ಬಹಳ ಸಲ ಖರ್ಚೂ ಸ್ವಂತದ್ದೇ. ನಡೆಸುವವರನ್ನು ದೂರಿ ಉಪಯೋಗವಿಲ್ಲ. ಅವರಿಗೂ ಕರೆಂಟ್ ಬಿಲ್ ಬರುತ್ತದೆ, ಅಡುಗೆಯವರಿಗೆ ಸಂಬಳ ಕೊಡಬೇಕು. ಆದರೆ ಕಟ್ಟಬಲ್ಲವರಿಗೆ ಮಾತ್ರ ಬಿಡುವು ಎಂದಾದರೆ, ಯಾರಿಗೆ ಅದು ಹೆಚ್ಚು ಬೇಕಿತ್ತೋ ಅವರೇ ಹೊರಗುಳಿಯುತ್ತಾರೆ. ಗೆಳತಿ ಹೋಗಲು ಸಾಧ್ಯವಾದದ್ದು ಅವಳ ಚಿನ್ನದ ಒಂದು ಜೊತೆ ಬಳೆ ಸೊಸೈಟಿಯಲ್ಲಿ ಅಡವಿಗೆ ಹೋದದ್ದರಿಂದ.

*

ಹದಿನೈದನೆಯ ದಿನ ಅವಳನ್ನು ಕರೆತರಲು ಹೋದೆ. ಕೋಣೆಯಲ್ಲಿ ಒಂದು ಮೇಜು, ಒಂದು ಕಿಟಕಿ. ಕಡಲು ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೊದಲ ನಾಲ್ಕು ದಿನ ನಿದ್ದೆ ಮಾಡಿದೆ ಅಂದಳು. ಐದನೆಯ ದಿನ ಅಳು ಬಂತಂತೆ, ಹಣ ದಂಡವಾಯಿತೆಂದು. ಆಮೇಲೆ ಎರಡು ದಿನ ಬರೀ ಬಣ್ಣ ಬೆರೆಸಿದ್ದಾಳೆ. ಮಲೆನಾಡಿನ ಹಸಿರು ಬಿಟ್ಟರೆ ಬೇರೆ ಬಣ್ಣ ಕೈಗೆ ಬರುತ್ತಿರಲಿಲ್ಲವಂತೆ. ಇಲ್ಲಿನ ಮಧ್ಯಾಹ್ನಕ್ಕೆ ಹಸಿರು ಕೆಲಸಕ್ಕೆ ಬಾರದು. ಗೋಡೆಗೆ ಒರಗಿಸಿದ್ದ ಹಾಳೆಗಳನ್ನು ತೋರಿಸಿದಳು. ಬೂದು, ತಿಳಿ ಮಣ್ಣು, ಸುಟ್ಟ ಬಿಳಿ. ಒಂದರಲ್ಲಿ ಮಾತ್ರ ಒಂದು ಆಕಾರ: ಅಡುಗೆ ಮಾಡುತ್ತಿದ್ದ ಮೀನುಗಾರರ ಕೇರಿಯ ಅಕ್ಕ, ಮೆಟ್ಟಿಲ ಮೇಲೆ ಕೂತದ್ದು, ಕೈ ಮಡಿಲಲ್ಲಿ. 'ಅವಳು ಕೂತದ್ದು ನಾನು ನೋಡಿದ್ದೇ ಅದೊಂದು ಸಲ' ಅಂದಳು.

ಹೊರಡುವಾಗ ಆ ಅಕ್ಕ ಕೇಳಿದರು, 'ವೀಟ್ಟುಕ್ಕಾ?' ಮನೆಗಾ?

ಊರು ತಲುಪಿದ ಮೇಲೆ ಗೆಳತಿಯದು ಮತ್ತೆ ಫೋನು. ರಜೆಯ ಕಡತಕ್ಕೆ ಶಾಲೆಯವರು ಪ್ರಮಾಣಪತ್ರ ಕೇಳಿದ್ದಾರೆ, ಕನ್ನಡದಲ್ಲಿ. ಆ ಮನೆಯವರು ಕೊಟ್ಟ ಇಂಗ್ಲಿಷ್ ಕಾಗದದಲ್ಲಿ ಒಂದೇ ವಾಕ್ಯವಿತ್ತು. 'ಸ್ವನಿರ್ದೇಶಿತ ನಿವಾಸ ಕಾರ್ಯಕ್ರಮದಲ್ಲಿ ಭಾಗವಹಿಸಿರುತ್ತಾರೆ' ಎಂದು ಬರೆದೆ, ಅಳಿಸಿದೆ. 'ಸದರಿಯವರು ಹದಿನೈದು ದಿನ ಇಲ್ಲಿ ಬಿಡಾರ ಮಾಡಿ ಚಿತ್ರ ಬರೆದಿರುತ್ತಾರೆ' ಎಂದು ಬರೆದು ಕಳಿಸಿದೆ. ಶಾಲೆಯವರು ತಕರಾರು ಮಾಡಲಿಲ್ಲವಂತೆ. ಸಂಬಳ ಮಾತ್ರ ಹದಿನೈದು ದಿನದ್ದು ಕಡಿತವಾಯಿತು.

ಬಳೆಗಳು ಸಂಕ್ರಾಂತಿಯ ಹೊತ್ತಿಗೆ ಬಿಡಿಸಿಕೊಂಡು ಬಂದವು.